ಅತ್ತಿಗೆಯ ಸಹಿ

ಬೆಳಗಿನ ಚಹಾ ಬಗ್ಗಿಸುತ್ತಿದ್ದಾಗ ಸಿರ್ಗಾಳಿಗೆ ಹಿಂದಿನ ದಿನ ಫೋನಿನಲ್ಲಿ ಕೇಳಿದ ನಗು ಮತ್ತೆ ಕೇಳಿಸಿತು. ದೊಡ್ಡ ನಗುವೇನಲ್ಲ. ಮೂಗಿನಿಂದ ಹೊರಟ ಸಣ್ಣ ಗಾಳಿ, ಅಷ್ಟೇ. ಜಿಲ್ಲಾ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು, ಸಿರ್ಗಾಳಿಗಿಂತ ಚಿಕ್ಕವಳೇ ಇರಬೇಕು, ದಡಾರದ ಚುಚ್ಚುಮದ್ದು ಹಾಕಿಸಿಕೊಳ್ಳದ ಮಕ್ಕಳ ಮನೆಗಳಿಗೆಲ್ಲ ಫೋನು ಮಾಡುತ್ತಿದ್ದಳು. ಹೆಸರು ಕೇಳಿದೊಡನೆ ಅವಳಿಗೆ ಗುರುತು ಸಿಕ್ಕಿತು. ಓ, ಆ ಮೊಕದ್ದಮೆಯ ವಕೀಲರಲ್ಲವೇ ನೀವು, ಎಂದಳು. ಆಮೇಲೆ, ನಿಮ್ಮ ಮಗನಿಗೆ ಬೇಡ ಎಂದು ಸಹಿ ಹಾಕಿರುವ ಬಾತ್ಮಾ ಎನ್ನುವವರು ನಿಮಗೇನಾಗಬೇಕು ಎಂದು ಕೇಳಿದಳು. ಅತ್ತೆ, ಎಂದಿದ್ದಳು ಸಿರ್ಗಾ. ಆಗ ಬಂದದ್ದು ಆ ನಗು. "ತಂದೆತಾಯಿ ಒಪ್ಪಿಗೆ ಇಲ್ದೆ ಮಗೂನ ಯಾರೂ ಮುಟ್ಟಂಗಿಲ್ಲ ಅಂತ ಕೋರ್ಟಲ್ಲಿ ವಾದ ಮಾಡಿದ್ರಿ. ನಿಮ್ಮ ಮನೆಗೆ ಆ ಕಾನೂನು ಬರಲ್ವಾ?"

"ಬಟ್ಟಲು ತುಂಬಿಸಿಬಿಟ್ಟೆಯಲ್ಲೇ. ನನ್ನ ಎಬ್ಬಿಸಿ ಕಳಿಸೋ ಆತುರವೇನು?" ಎಂದಳು ಬಾತ್ಮಾ. ಸಿರ್ಗಾ ಕೆಳಗೆ ನೋಡಿದಳು. ಚಹಾ ಬಟ್ಟಲಿನ ಅಂಚಿಗೆ ಬಂದು ನಿಂತಿತ್ತು. ಅರ್ಧ ಬಗ್ಗಿಸಿ ಕೊಡುವುದು ಮರ್ಯಾದೆ. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದಂತೆ. ಸೊಸೆಯಾಗಿ ಈ ಮನೆಗೆ ಕಾಲಿಟ್ಟ ಮೊದಲ ವಾರದಲ್ಲೂ ಅವಳು ಈ ತಪ್ಪು ಮಾಡಿರಲಿಲ್ಲ. ಬಟ್ಟಲನ್ನು ವಾಪಸ್ಸು ತೆಗೆದುಕೊಂಡು ಅರ್ಧ ಚೆಲ್ಲಿ, ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೊಟ್ಟಳು. ಬಾತ್ಮಾಳ ಮಡಿಲಲ್ಲಿ ಕೂತಿದ್ದ ಹುಡುಗ, ಮಡಿಲಲ್ಲಿ ಕೂರುವ ವಯಸ್ಸು ಮೀರಿದವನು, ರೊಟ್ಟಿಯ ಚೂರನ್ನು ಮುಂದೆ ಚಾಚಿ, "ಅತ್ತಿಗೆ, ಕೆನೆ" ಎಂದ. ಸಿರ್ಗಾ ಕೆನೆ ಸವರಿ ಕೊಟ್ಟಳು.

ಅವನು ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ಆದರೆ ಅವರ ಪದ್ಧತಿಯಲ್ಲಿ ಹಿರಿಯ ಮಗನ ಮೊದಲ ಮಗು ಅಜ್ಜ ಅಜ್ಜಿಗೆ ಸೇರಿದ್ದು. ನಲವತ್ತು ದಿನ ಕಳೆದ ಮೇಲೆ ಅವಳ ಗಂಡ ಉರ್ಮತ್ ತಾನೇ ಮಗುವನ್ನು ಎತ್ತಿಕೊಂಡು ಹೋಗಿ ತಾಯಿಯ ಮಡಿಲಲ್ಲಿ ಹಾಕಿ, ತಗೋ, ನಿನ್ನ ಮಗ, ಎಂದಿದ್ದ. ಎಲ್ಲರೂ ನಕ್ಕಿದ್ದರು. ಸಿರ್ಗಾಳೂ ನಕ್ಕಿದ್ದಳು. ರಾಜಧಾನಿಗೆ ಹಿಂದಿರುಗುವಾಗ ವ್ಯಾನಿನಲ್ಲಿ ಎದೆಹಾಲು ಸ್ವೆಟರು ದಾಟಿ ಕೋಟಿಗೆ ಇಳಿಯಿತು. ಕಿಟಕಿಯ ಆಚೆ ಹಿಮದ ಮೇಲೆ ಕುದುರೆಗಳು ನಿಂತಿದ್ದವು. ವಕೀಲಿ ಪರೀಕ್ಷೆ ಹತ್ತಿರವಿತ್ತು. ಅಂದು ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಅವಳು ತಿಂಗಳುಗಳ ನಂತರ ಬೆಳಗಿನವರೆಗೂ ನಿದ್ದೆ ಮಾಡಿದಳು. ಆ ನಿದ್ದೆ ಎಷ್ಟು ಚೆನ್ನಾಗಿತ್ತು ಎನ್ನುವುದನ್ನು ಮಾತ್ರ ಅವಳು ಉರ್ಮತನಿಗೂ ಹೇಳಿರಲಿಲ್ಲ. ಹುಡುಗ ಮಾತು ಕಲಿತಾಗ ಬಾತ್ಮಾಳನ್ನು ಅವ್ವ ಎಂದ, ಮಾವ ಜುಮಾಶನನ್ನು ಅಪ್ಪ ಎಂದ, ರಜೆಗೆ ಬಂದುಹೋಗುವ ಉರ್ಮತನನ್ನು ಅಣ್ಣ ಎಂದ. ಅಣ್ಣನ ಹೆಂಡತಿ ಅತ್ತಿಗೆ. ಲೆಕ್ಕ ಸರಿಯಾಗಿತ್ತು. ಅವನಿಗೆ ಇಟ್ಟದ್ದು ಜುಮಾಶನ ತಂದೆಯ ಹೆಸರು, ಸೊಸೆ ಬಾಯಲ್ಲಿ ಆಡಬಾರದ ಹೆಸರು. ಹಾಗಾಗಿ ಸಿರ್ಗಾ ಅವನನ್ನು ಪುಟ್ಟ ಎನ್ನುತ್ತಾಳೆ.

ಜುಮಾಶ್ ಬಟ್ಟಲು ಊದುತ್ತ, ಪಕ್ಕದ ಮನೆಯ ಆಯ್ಪೆರಿಗೆ ಈಗ ಮೂಗಿಗೆ ಕೊಳವೆ ಹಾಕಿದ್ದಾರಂತೆ ಎಂದ. ಆಯ್ಪೆರಿಗೆ ಆರು ವರ್ಷ. ವಾರದ ಹಿಂದೆ ಈ ಅಂಗಳದಲ್ಲೇ ಹುಡುಗನ ಜೊತೆ ಕುರಿಯ ಮೂಳೆಗಳನ್ನು ಎಸೆದು ಆಡುತ್ತಿದ್ದವಳು. ಮೈಮೇಲೆ ದಡಾರದ ಕೆಂಪು ಎದ್ದಿತು, ಇಳಿಯಿತು ಎನ್ನುವಷ್ಟರಲ್ಲಿ ರೋಗ ಎದೆಗೆ ಇಳಿಯಿತು. ಬಾತ್ಮಾ ಎರಡು ಸಲ ಮನೆಯ ಸುತ್ತ ಕೆಟ್ಟದ್ದು ಬರದಿರಲೆಂದು ಆರ್ಚಾ ಮರದ ಸೊಪ್ಪಿನ ಹೊಗೆ ಹಾಕಿದ್ದಳು. ಪರದೆಗಳಲ್ಲಿ ಆ ವಾಸನೆ ಇನ್ನೂ ಇತ್ತು. ಇವತ್ತು ಮಧ್ಯಾಹ್ನದವರೆಗೆ ಜಿಲ್ಲೆಯ ಡಾಕ್ಟರು ಊರಿನ ಆಸ್ಪತ್ರೆಯಲ್ಲಿ ಕೂತಿರುತ್ತಾರೆ, ಆಮೇಲೆ ಮೇಲಿನ ಊರುಗಳಿಗೆ ಹೋಗುತ್ತಾರೆ ಎಂದು ಜುಮಾಶನೇ ಹೇಳಿದ. ಹೇಳಿ ಯಾರ ಮುಖವನ್ನೂ ನೋಡದೆ ಎದ್ದ. ಅವನಿಗೂ ಇವತ್ತು ದೊಡ್ಡಿಗೆ ಪಶುವೈದ್ಯ ಬರುವವನಿದ್ದ, ಕುರಿಗಳಿಗೆ ಮದ್ದು ಹಾಕಲು. ಬಾಗಿಲಲ್ಲಿ ಬೂಟು ಏರಿಸುತ್ತ, "ನಮ್ಮ ಕುರಿಗಳೇ ವಾಸಿ ಕಣಮ್ಮ. ಸಹಿ ಕೇಳಲ್ಲ, ಕೋರ್ಟಿಗೂ ಹೋಗಲ್ಲ" ಎಂದು ಹೊರಟುಹೋದ.

ಬಟ್ಟಲು ತೊಳೆಯುತ್ತ ಸಿರ್ಗಾ ಆ ಮಾತಿಗೆ ಉತ್ತರ ಹುಡುಕಲಿಲ್ಲ. ಉತ್ತರ ಅವಳ ಬಳಿ ಇತ್ತು. ಕೋರ್ಟಿನಲ್ಲಿ ಅದನ್ನೇ ಹೇಳಿದ್ದಳು. ಹೋದ ವರ್ಷ ವಸಂತದಲ್ಲಿ ಪಕ್ಕದ ಊರೊಂದರ ಶಿಶುವಿಹಾರದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮನೆಯವರಿಗೆ ತಿಳಿಸದೆ, ಚುಚ್ಚುಮದ್ದು ಹಾಕಿದ್ದರು. ಒಳ್ಳೆಯದಕ್ಕೇ ಮಾಡಿದ್ದು ಎಂದರು. ಕಾನೂನಿನಲ್ಲಿ ಕಡ್ಡಾಯ ಎಂದೇ ಇದೆ ಎಂದರು. ಅದೇ ಕಾನೂನಿನಲ್ಲಿ ಇನ್ನೊಂದು ಕಡೆ, ಬೇಡ ಎನ್ನುವ ಹಕ್ಕು ತಂದೆತಾಯಿಗೆ ಇದೆ ಎಂದೂ ಇತ್ತು. ಒಂದೇ ಮನೆಯಲ್ಲಿ ಎದುರುಬದುರಾಗಿ ಕೂತ ಇಬ್ಬರು ಹಟಮಾರಿ ಮುದುಕರಂತೆ ಆ ಎರಡು ಮಾತುಗಳು. ಸಿರ್ಗಾ ಎದ್ದು ನಿಂತು, ಸರ್ಕಾರ ಶಿಶುವಿಹಾರದ ಬಾಗಿಲು ಮುಚ್ಚಬಹುದು, ರೋಗ ಹರಡಿದಾಗ ಮಗುವನ್ನು ಮನೆಯಲ್ಲೇ ಇರಿಸಿ ಎನ್ನಬಹುದು, ಆದರೆ ಕೇಳದೆ ತೋಳು ಹಿಡಿಯುವಂತಿಲ್ಲ ಎಂದಳು. ಮಗುವಿನ ಮೈ ಸರ್ಕಾರದ ಜಮೀನಲ್ಲ ಎಂದಳು. ಉರ್ಮತ್ ತೀರಿಹೋಗಿ ಒಂದು ವರ್ಷ ಆಗಿರಲಿಲ್ಲ. ಕಪ್ಪು ಬಟ್ಟೆಯಲ್ಲೇ ವಾದ ಮಾಡಿದ್ದಳು. ತನ್ನ ದನಿ ಎಷ್ಟು ಸ್ಪಷ್ಟವಾಗಿದೆ ಎಂದು ತಾನೇ ಬೆರಗಾಗಿ ಕೇಳಿಸಿಕೊಂಡಿದ್ದಳು. ಗೆದ್ದಳು. ಜಿಲ್ಲೆಯ ಪತ್ರಿಕೆಯಲ್ಲಿ ಆ ಸಾಲು ಬಂತು. ಬಾತ್ಮಾ ಅದನ್ನು ಊರಿನ ಹೆಂಗಸರಿಗೆಲ್ಲ ಓದಿಸಿದಳು. ಆಮೇಲೆ ಊರಿನ ನರ್ಸು ಸಾಲಿಮಾ ದಡಾರದ ವಿಷಯ ತೆಗೆದಾಗಲೆಲ್ಲ, ನಮ್ಮ ಸೊಸೆ ಕೋರ್ಟಲ್ಲಿ ಏನು ಹೇಳಿದಾಳೆ ಗೊತ್ತಿಲ್ವಾ, ಎಂದು ಬಾಯಿ ಮುಚ್ಚಿಸಿದಳು.

ಆ ವಾದ ತಪ್ಪು ಎಂದು ಸಿರ್ಗಾಳಿಗೆ ಇವತ್ತೂ ಅನ್ನಿಸಲಿಲ್ಲ. ಅದನ್ನು ಒಳಗೇ ಮತ್ತೊಮ್ಮೆ ಹಿಂದುಮುಂದು ಮಾಡಿ ನೋಡಿದಳು. ಎಲ್ಲೂ ಬಿರುಕಿರಲಿಲ್ಲ. ಕೇಳಬೇಕು ಎಂದರೆ ಯಾರನ್ನು ಕೇಳಬೇಕು ಎನ್ನುವಲ್ಲಿ ಮಾತ್ರ ತನ್ನ ಮನೆಯ ಬಾಗಿಲು ತೆರೆದಿತ್ತು, ಅದನ್ನು ಅವಳು ನೋಡಿರಲಿಲ್ಲ. ಐದು ವರ್ಷಗಳಿಂದ ಸಾಲಿಮಾ ಬಾತ್ಮಾಳ ಸಹಿ ತೆಗೆದುಕೊಂಡು ಹೋಗುತ್ತಿದ್ದಳು. ಹುಡುಗ ಬಾತ್ಮಾಳ ಮಗನೆಂದು ಇಡೀ ಊರಿಗೆ ಗೊತ್ತು. ಗೊತ್ತಿದ್ದುದರಿಂದ ಯಾರೂ ಜನನಪತ್ರ ತೆಗೆದು ನೋಡಲಿಲ್ಲ. ಬೇರೆ ಯಾವ ಊರಿನಲ್ಲೂ ನಡೆಯದ ತಪ್ಪು ಅದು, ಇಲ್ಲಿ ತಪ್ಪು ಅಂತ ಅನ್ನಿಸದೇ ನಡೆಯಿತು. ಕಾನೂನಿನ ಪೋಷಕರು ಎನ್ನುವ ಮಾತನ್ನು ನ್ಯಾಯಾಧೀಶರ ಮುಂದೆ ಅಷ್ಟು ಸಲ ಆಡಿದವಳಿಗೆ, ಆ ಮಾತು ತನ್ನ ಕಡೆಗೇ ಬೆರಳು ತೋರಿಸುತ್ತಿದೆ ಎಂದು ಹೊಳೆಯಲಿಲ್ಲ. ಬೇಡ ಎನ್ನುವ ಹಕ್ಕು ಯಾರದ್ದೋ, ಹೂಂ ಎನ್ನುವ ಭಾರವೂ ಅವರದ್ದೇ. ಮಧ್ಯಾಹ್ನದೊಳಗೆ ಅವಳು ಆಸ್ಪತ್ರೆಗೆ ಹೋಗಿ, ಹುಡುಗನ ಮುಂದೆ, ನಾನು ಇವನ ತಾಯಿ ಎಂದು ಹೇಳಿ ಸಹಿ ಹಾಕಬೇಕು. ಹಾಕಿದರೆ ಉರ್ಮತ್ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಂತೆ. ಹಾಕದಿದ್ದರೆ? ಆಯ್ಪೆರಿಯ ಜೊತೆ ಎಲ್ಲರೂ ಆಸ್ಪತ್ರೆಗೆ ಹೋಗಿ, ಪಕ್ಕದ ಮನೆಯಲ್ಲಿ ಈಗ ಯಾರೂ ಒಲೆ ಹಚ್ಚುತ್ತಿರಲಿಲ್ಲ.

ಬಾತ್ಮಾ ಬಕೆಟ್ಟು ಹಿಡಿದು ಹಸುವಿನ ಕೊಟ್ಟಿಗೆಗೆ ಹೋದಳು. ಹೇಳದೆ ಕರೆದುಕೊಂಡು ಹೋಗುವುದು ಸುಲಭವಾಗಿತ್ತು. ಸಿರ್ಗಾ ಹುಡುಗನಿಗೆ ಬೂಟು ಹಾಕಿದಳು, ಜಾಕೆಟ್ಟಿನ ಜಿಪ್ಪು ಎಳೆದಳು, ಕೈ ಹಿಡಿದು ಗೇಟಿನವರೆಗೆ ಬಂದಳು. ಎಲ್ಲಿಗೆ ಎಂದ ಹುಡುಗ. ಡಾಕ್ಟರ ಹತ್ತಿರ ಎಂದಳು. ನಂಗೆ ಜ್ವರ ಇಲ್ಲವಲ್ಲ ಎಂದ. ಗೇಟಿನ ಚಿಲಕ ತಣ್ಣಗೆ ಕೈಗೆ ಅಂಟಿತು. ಅಲ್ಲಿ ನಿಂತಾಗ ಅವಳಿಗೆ ನುರಿಪಾ ನೆನಪಾದಳು. ನುರಿಪಾಳನ್ನು ಅವಳು ನೋಡಿದವಳಲ್ಲ. ಬಾತ್ಮಾಳ ಮೊದಲ ಮಗಳು, ಹಳೆಯ ಸರ್ಕಾರದ ಕಾಲದಲ್ಲಿ ಶಾಲೆಗೆ ಸೇರಿದ ವರ್ಷವೇ ತೀರಿಕೊಂಡವಳು. ಒಂದು ಸಲ ಉಣ್ಣೆ ಹಿಂಜುತ್ತ ಕೂತಿದ್ದಾಗ ಬಾತ್ಮಾ ಹೇಳಿದ್ದಳು, ಯಾರೋ ಬೇರೆಯವರ ಮನೆಯ ಸುದ್ದಿಯಂತೆ. ಶಾಲೆಗೆ ಬಿಳಿ ಕೋಟಿನವರು ಬಂದು ಮಕ್ಕಳನ್ನು ಸಾಲು ನಿಲ್ಲಿಸಿದ್ದರಂತೆ. ಸಂಜೆ ಮನೆಗೆ ಬಂದ ಹುಡುಗಿ ತೋಳು ತೋರಿಸಿತಂತೆ. ಹೇಳುತ್ತ ಹೇಳುತ್ತ ಬಾತ್ಮಾ ಉಣ್ಣೆಯಲ್ಲಿ ಸಿಕ್ಕಿದ ಮುಳ್ಳನ್ನು ತೆಗೆದು ಪಕ್ಕಕ್ಕಿಟ್ಟು, ಮತ್ತೆ ಹಿಂಜಿದ್ದಳು. ಸಿರ್ಗಾಳ ವಾದ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಲ್ಲ. ಆ ಉಣ್ಣೆಯ ರಾಶಿಯ ಪಕ್ಕದಲ್ಲಿ.

ಇಲ್ಲೇ ನಿಂತಿರು ಎಂದು ಹುಡುಗನಿಗೆ ಹೇಳಿ ಅವಳು ಕೊಟ್ಟಿಗೆಗೆ ಹೋದಳು.

ಒಳಗೆ ಬೆಚ್ಚಗಿತ್ತು. ಬಾತ್ಮಾ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಹಾಲು ಕರೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಸಿರ್ಗಾ ಗೇಟಿನವರೆಗೆ ಹೋಗಿ ನಿಂತಿದ್ದು ಅವಳಿಗೆ ಗೊತ್ತಿತ್ತು. ಕೊಟ್ಟಿಗೆಯ ಸಂದಿಯಿಂದ ಗೇಟು ಕಾಣುತ್ತದೆ.

"ಅತ್ತೆ, ಅವನಿಗೆ ಚುಚ್ಚುಮದ್ದು ಹಾಕಿಸ್ಕೊಂಡು ಬರ್ತೀನಿ."

"ಬೇಡ ಅಂತ ಬರ್ಕೊಟ್ಟಿದೀನಲ್ಲ."

"ನಿಮ್ಮ ಸಹಿ ನಡೆಯಲ್ಲ ಅತ್ತೆ."

"ಐದು ವರ್ಷ ನಡೀತು."

"ಯಾರೂ ನೋಡ್ಲಿಲ್ಲ, ನಡೀತು."

ಹಾಲು ಬಕೆಟ್ಟಿಗೆ ಬೀಳುವ ಸದ್ದು ಒಂದೇ ಸಮನೆ ಇತ್ತು. ಆ ಊರಿನ ಹೆಂಗಸರಿಗೆಲ್ಲ ಬೇಡ ಅನ್ನೋ ಹಕ್ಕು ಕೊಡಿಸಿದೆ, ನನಗೆ ಮಾತ್ರ ಇಲ್ಲವೋ, ಎಂದಳು ಬಾತ್ಮಾ. ಸಿರ್ಗಾಳಿಗೆ ಉತ್ತರ ನಾಲಿಗೆಯ ತುದಿಗೆ ಬಂತು. ಅದು ಕ್ರೂರ ಎಂದು ಗೊತ್ತಿತ್ತು, ನಿಜ ಎಂದೂ ಗೊತ್ತಿತ್ತು. ತನಗೆ ಅಳು ಬರುವುದು ನಿಂತ ಮೇಲೆ ಇಂಥ ಮಾತುಗಳು ತಡೆಯಿಲ್ಲದೆ ಬರುತ್ತಿದ್ದವು.

"ನಾನು ಕೊಡಿಸಿದ್ದು ತಾಯಂದ್ರಿಗೆ" ಎಂದಳು.

ಹಾಲಿನ ಸದ್ದು ನಿಂತಿತು. ಹಸು ಕಾಲು ಬದಲಿಸಿತು. ಬಾತ್ಮಾ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೊದಲ ಸಲ ಅವಳ ಕಡೆ ಮುಖ ತಿರುಗಿಸಿದಳು. ಸಿಟ್ಟಿರಲಿಲ್ಲ. ಚಳಿಯಲ್ಲಿ ಒಡೆದ ಕೆನ್ನೆ, ಹಣೆಯ ಮೇಲೆ ಹಸುವಿನ ಕೂದಲು. "ಅವತ್ತೂ ನಾನು ಹಾಲು ಕರೀತಿದ್ದೆ" ಎಂದಳು. "ಫಾರಮ್ಮಲ್ಲಿ. ಸರ್ಕಾರದ ಹಸುಗಳು. ಸೂಜಿಯಿಂದ ಹೋದ್ಲೋ, ಇನ್ಯಾತರಿಂದ ಹೋದ್ಲೋ, ನಂಗೊತ್ತಿಲ್ಲ. ಡಾಕ್ಟ್ರು ಬೇರೆ ಕಾಯಿಲೆ ಅಂದ್ರು. ಇರಬಹುದು. ಕೇಳಿದ್ರೆ ನಾನೂ ಹಾಕ್ರಪ್ಪ ಅಂತಿದ್ದೆ. ನಾನೇನು ದಡ್ಡಿ ಅಲ್ಲ. ಕೇಳ್ಲಿಲ್ಲ ಅವರು. ಹಸೂನಾದ್ರೂ ತಟ್ಟಿ ಮಾತಾಡ್ಸಿ ಆಮೇಲೆ ಕೆಚ್ಚಲಿಗೆ ಕೈ ಹಾಕ್ತೀವಿ."

"ಅದಕ್ಕೇ ಬಂದೆ."

"ಕೇಳೋಕೆ ಬಂದ್ಯೋ, ಹೇಳೋಕೆ ಬಂದ್ಯೋ?"

ಸಿರ್ಗಾ ಯೋಚಿಸಿದಳು. ಕೇಳಲು ಎಂದಿದ್ದರೆ ಬಾತ್ಮಾಳಿಗೆ ಸಮಾಧಾನವಾಗುತ್ತಿತ್ತು, ಬಹುಶಃ ಒಪ್ಪಿಬಿಡುತ್ತಿದ್ದಳು ಕೂಡ. ಆದರೆ ಒಪ್ಪದಿದ್ದರೂ ಅವಳು ಹೋಗುವವಳೇ. ಉತ್ತರ ಏನಾದರೂ ಹೋಗುವವಳು ಕೇಳಿದೆ ಎನ್ನಬಾರದು.

"ಹೇಳೋಕೆ" ಎಂದಳು.

ಬಾತ್ಮಾ ತಲೆಯಾಡಿಸಿದಳು. ಇಷ್ಟಾದರೂ ನಿಜ ಹೇಳಿದೆ ಎಂದಳು. ಆಮೇಲೆ ಹಸುವಿನ ಕಡೆ ತಿರುಗಿ, ಅದಕ್ಕೇ ಹೇಳುವವಳಂತೆ ಮಾತಾಡಿದಳು. "ಅಲ್ಲಿ ತಾಯಿ ಅಂತ ಬರೀತೀಯ. ಅವನ ಎದುರಿಗೇ. ಆಮೇಲೆ ಆ ಮಾತು ಬಾಯೊಳಕ್ಕೆ ವಾಪಸ್ ಹೋಗಲ್ಲ. ಉರ್ಮತ್ ನಂಗೆ ಕೊಟ್ಟಿದ್ದು ಅವನನ್ನ. ಕೊಟ್ಟೋನು ಇಲ್ಲ ಈಗ, ಸರಿಯಾ ತಪ್ಪಾ ಅಂತ ಕೇಳೋಕೆ."

"ಗೊತ್ತು ಅತ್ತೆ."

"ಗೊತ್ತಿದ್ರೆ ಹೋಗು. ನಾನು ಬರಲ್ಲ." ಸಿರ್ಗಾ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ದನಿ ಬಂತು. "ಬಲಗೈಗೆ ಹಾಕಿಸು. ಉಣ್ಣೋದು ಬಲಗೈಲಿ, ನಾನು ಕಲ್ಸಿದೀನಿ. ಆದ್ರೆ ಅವನು ಎಡಗೈಯೋನು. ಕಲ್ಲು ಹೊಡೆಯೋವಾಗ ನೋಡು."

ಅವಳು ನೋಡಿರಲಿಲ್ಲ. ಉರ್ಮತ್ ಹೋದ ಮೇಲೆ ಒಂದೂವರೆ ವರ್ಷ ಒಂದೇ ಮನೆಯಲ್ಲಿದ್ದು ನೋಡಿರಲಿಲ್ಲ. ದಾರಿಯ ಬಿಸಿಲು ಬೀಳುವ ಬದಿ ಕೆಸರಾಗಿತ್ತು, ನೆರಳಿನ ಬದಿ ಇನ್ನೂ ಹಿಮ. ಹುಡುಗ ಹಿಮದ ಮೇಲೆಯೇ ನಡೆಯುತ್ತ, ಬಗ್ಗಿ ಉಂಡೆ ಕಟ್ಟಿ ವಿದ್ಯುತ್ ಕಂಬಕ್ಕೆ ಹೊಡೆದ. ಎಡಗೈ. ಉರ್ಮತ್ ಯಾವ ಕೈಯವನಾಗಿದ್ದ ಎಂದು ನೆನಪು ಮಾಡಿಕೊಳ್ಳಲು ಹೋದಳು, ನೆನಪಾಗಲಿಲ್ಲ. ಕಣಿವೆಯ ಮೇಲಿನ ರಸ್ತೆಯಲ್ಲಿ ಅವನ ಲಾರಿ ಜಾರಿದ ದಿನ ಬೆಳಿಗ್ಗೆ ಫೋನಿನಲ್ಲಿ ಏನು ಹೇಳಿದ್ದ ಎನ್ನುವುದೂ ನೆನಪಾಗುತ್ತಿರಲಿಲ್ಲ. ನೆನಪಿದ್ದುದು ಸಾವಿಗೆಂದು ಎತ್ತಿದ ಉಣ್ಣೆಯ ಡೇರೆ, ಯುರ್ತದ ಒಳಗೆ ತನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದು, ಆ ಗೋಡೆಯ ಬಿದಿರಿನಂತಹ ಕಡ್ಡಿಗಳ ಹೆಣಿಗೆ, ಬೆನ್ನ ಹಿಂದೆ ಹೆಂಗಸರ ಅಳುವಿನ ಹಾಡು. ವಿಧವೆ ಅಳಬೇಕು, ಹಾಡಿ ಅಳಬೇಕು. ಅವಳ ಗಂಟಲಿನಿಂದ ಏನೂ ಬರಲಿಲ್ಲ. ಬಾತ್ಮಾ ಅವಳ ಪಾಲಿನದನ್ನೂ ಸೇರಿಸಿ ಅತ್ತಳು. ಹೊರಗೆ ಗಂಡಸರು ಕೋಲಿಗೆ ಒರಗಿ ನಿಂತು, ಬಂದ ಪ್ರತಿಯೊಬ್ಬರಿಗೂ ಕೇಳುವಂತೆ, ಸತ್ತವನು ತಮಗೆ ಏನಾಗಬೇಕೋ ಆ ಹೆಸರಿನಿಂದ ಕರೆದು ಅಳುತ್ತಿದ್ದರು. ಮಗನೇ ಎಂದು ಜುಮಾಶನ ದನಿ. ಅದರ ಕೆಳಗೆ ಇನ್ನೊಂದು ಸಣ್ಣ ದನಿ. ಹುಡುಗನಿಗೂ ಒಂದು ಪುಟ್ಟ ಕೋಲು ಕೊಟ್ಟು ನಿಲ್ಲಿಸಿದ್ದರು. ಅಪ್ಪಾ ಎಂದು ಅಳಬೇಕಾದವನು ಅಣ್ಣಯ್ಯಾ ಎಂದು ಅಳುತ್ತಿದ್ದ. ಯಾರೋ ಹೇಳಿಕೊಟ್ಟಂತೆ, ಚೆನ್ನಾಗಿ, ಉಸಿರು ತೆಗೆದುಕೊಂಡು. ಅವಳು ಗೋಡೆಯನ್ನು ನೋಡುತ್ತ ಕೂತಿದ್ದಳು. ತಿರುಗಿ, ಅಲ್ಲ, ಹಾಗಲ್ಲ, ಎನ್ನಬೇಕೆಂದು ಅವಳಿಗೆ ಆಗ ಅನ್ನಿಸಿತ್ತೇ? ಇಲ್ಲ. ಅನ್ನಿಸಿರಲಿಲ್ಲ. ಅದೇ ಈಗ ಹಿಮದ ಮೇಲಿನ ಈ ನಡಿಗೆಯಲ್ಲಿ ಅವಳನ್ನು ಚುಚ್ಚುತ್ತಿತ್ತು.

ಆದರೂ ಅವಳ ಹೆಜ್ಜೆ ಗಟ್ಟಿಯಾಗಿತ್ತು. ಅದು ಅವಳಿಗೇ ಗೊತ್ತಾಗುತ್ತಿತ್ತು. ಎಷ್ಟೋ ತಿಂಗಳಿಂದ ಯಾರೋ ಹೇಳಿದ ಕಡೆಗೆ ನಡೆದ ಕಾಲುಗಳು ಇವತ್ತು ತಾವಾಗಿ ಹೊರಟಿದ್ದವು. ಅತ್ತಿಗೆ ಮೆಲ್ಲಗೆ, ಎಂದ ಹುಡುಗ ಹಿಂದಿನಿಂದ.

ಆಸ್ಪತ್ರೆ ಎಂದರೆ ಎರಡು ಕೋಣೆ. ಹೊರಗಿನ ಕೋಣೆಯ ಬೆಂಚಿನ ಮೇಲೆ ಹೆಂಗಸರು, ಮಕ್ಕಳು, ಒದ್ದೆ ಉಣ್ಣೆಯ ವಾಸನೆ. ಅವಳು ಒಳಗೆ ಬಂದೊಡನೆ ಎಲ್ಲರೂ ತಿರುಗಿ ನೋಡಿದರು. ಮೂಲೆಯಲ್ಲಿ ಕೂತಿದ್ದವಳು ಅವಳ ಮೊಕದ್ದಮೆಯ ಕಕ್ಷಿದಾರರಲ್ಲಿ ಒಬ್ಬಳು, ಈ ಊರಿಗೆ ತವರಿಗೆ ಬಂದವಳು. ಮಗು ಅವಳ ತೊಡೆಯ ಮೇಲೆ ಮಲಗಿತ್ತು. "ಏನ್ ವಕೀಲಮ್ಮ, ನಮ್ಗೆಲ್ಲ ಹೊರಗೆ ಹೋಗೋ ಬಾಗ್ಲು ತೆಗೆಸಿಕೊಟ್ಟು ನೀವೇ ಒಳಗೆ ಬಂದ್ರಾ?" ಎಂದಳು. ಎರಡು ಮೂರು ಜನ ಶಾಲಿನ ತುದಿಯನ್ನು ಬಾಯಿಗೆ ತಂದುಕೊಂಡರು. ಸಿರ್ಗಾಳ ಕಿವಿ ಬಿಸಿಯಾಯಿತು. ಜಿಲ್ಲಾ ನ್ಯಾಯಾಲಯದಲ್ಲಿ ಇವಳ ಪರವಾಗಿ ಮಾತಾಡಿದ ಗಂಟೆಗಳಲ್ಲಿ ಒಮ್ಮೆಯೂ ಹೀಗೆ ಬಿಸಿಯಾಗಿರಲಿಲ್ಲ. "ಬೇಡ ಅನ್ನಿ ಅಂತ ನಾನು ಹೇಳಿರ್ಲಿಲ್ಲ" ಎಂದಳು. "ನಿಮ್ಮನ್ನ ಕೇಳ್ಬೇಕು ಅಂದಿದ್ದೆ. ಈಗ ಕೇಳ್ತಿದಾರಲ್ಲ. ನೀವೂ ಬಂದಿದೀರಲ್ಲ." ಆ ಹೆಂಗಸು ಮಗುವಿನ ಟೋಪಿ ಸರಿಮಾಡಿ, ನಮ್ಮ ಯಜಮಾನರು ಕಳಿಸಿದರು, ನನಗೇನು ಭಯವಿಲ್ಲ ಅಂತಲ್ಲ, ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಸರಿದು ಸಿರ್ಗಾಳಿಗೆ ಜಾಗ ಮಾಡಿಕೊಟ್ಟಳು.

ಒಳಗಿನ ಕೋಣೆಯಲ್ಲಿ ಡಾಕ್ಟರು ಫೋನಿನ ದನಿಗಿಂತ ಚಿಕ್ಕವಳಾಗಿ ಕಂಡಳು. ಕಣ್ಣಿನ ಕೆಳಗೆ ಕಪ್ಪು, ರಾತ್ರಿಯೆಲ್ಲ ಎದ್ದವಳಂತೆ. ಪಕ್ಕದಲ್ಲಿ ನಿಂತಿದ್ದ ಸಾಲಿಮಾ, ಸಿರ್ಗಾಳ ಹಿಂದೆ ಬಾತ್ಮಾ ಇದ್ದಾಳೆಯೇ ಎಂದು ಇಣುಕಿ, ಇಲ್ಲದ್ದನ್ನು ನೋಡಿ, ಹತ್ತಿಯ ಡಬ್ಬವನ್ನು ಸುಮ್ಮನೆ ಆಚೀಚೆ ಮಾಡಿದಳು. ಡಾಕ್ಟರು ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿ, ಹೆಸರೇನಪ್ಪ ಎಂದಳು.

"ಓಸ್ಮೋನ್. ಜುಮಾಶ್ ಅವರ ಮಗ" ಎಂದ ಹುಡುಗ, ಜೋರಾಗಿ, ಕಲಿಸಿದ ಹಾಗೆ.

ಡಾಕ್ಟರು ಮುಂದಿದ್ದ ಹಾಳೆ ನೋಡಿದಳು. ಇಲ್ಲಿ ಅಪ್ಪನ ಹೆಸರು ಉರ್ಮತ್ ಅಂತಿದೆಯಲ್ಲ, ಎಂದಳು. ಅವಳು ಬೇಕೆಂದು ಕೇಳಿದ್ದಲ್ಲ. ಬೇರೆ ಊರಿನವಳು.

"ಉರ್ಮತ್ ನಮ್ಮಣ್ಣ" ಎಂದ ಹುಡುಗ. "ತೀರ್ಕೊಂಡ."

ಪೆನ್ನು ನಿಂತಿತು. ಸಾಲಿಮಾ ಬೇಗ ಬೇಗ ಮಧ್ಯೆ ಬಂದು, ನಮ್ಮ ಕಡೆ ಹಾಗೆಯೇ ಡಾಕ್ಟರೇ, ಹಳೆಯ ಪದ್ಧತಿ, ಅಲ್ಲಿ ಸಹಿ ಹಾಕಿಸಿಕೊಂಡುಬಿಡಿ, ಮಾತಾಡುವುದೇನಿದೆ, ಎಂದಳು. ಡಾಕ್ಟರಿಗೆ ಅರ್ಥವಾಯಿತು. ನಿನ್ನೆ ನಕ್ಕವಳ ಮುಖ ಕೆಂಪಾಯಿತು. ಅವಳು ಹಾಳೆಯನ್ನು ಸಿರ್ಗಾಳ ಕಡೆಗೆ ತಿರುಗಿಸಿ, ಏನೂ ಕೇಳದೆ, ಬೆರಳಿನಿಂದ ಒಂದು ಜಾಗ ತೋರಿಸಿದಳು. ಅಲ್ಲಿ ತಾಯಿ ಎಂದಿತ್ತು. ಹುಡುಗನಿಗೆ ಓದಲು ಬರುವುದಿಲ್ಲ. ಸುಮ್ಮನೆ ಹೆಸರು ಗೀಚಿದರೆ ಸಾಕು. ಕಾನೂನಿಗೆ ತೃಪ್ತಿಯಾಗುತ್ತದೆ, ಮನೆಯಲ್ಲಿ ಅವಳು ಅತ್ತಿಗೆಯಾಗಿಯೇ ಉಳಿಯುತ್ತಾಳೆ, ಬಾತ್ಮಾ ಸಂಜೆ ಹುಡುಗನ ಮುಖ ನೋಡಿ ಏನೂ ಒಡೆದಿಲ್ಲ ಎಂದು ನೆಮ್ಮದಿಯಾಗಿರುತ್ತಾಳೆ. ಆ ಮೌನ ಎಷ್ಟು ದಯೆಯದಾಗಿತ್ತು. ಕೋಣೆಯಲ್ಲಿದ್ದ ಮೂವರು ಹೆಂಗಸರೂ ಸೇರಿ ಅದನ್ನು ಹಿಡಿದುಕೊಂಡು ನಿಂತಿದ್ದರು, ತುಂಬಿದ ಬೋಗುಣಿಯನ್ನು ಹಿಡಿದಂತೆ. ಸಿರ್ಗಾ ಪೆನ್ನು ತೆಗೆದುಕೊಂಡಳು. ತನ್ನ ಬಗ್ಗೆ ಏನು ಬರೆಯಲಾಗುತ್ತಿದೆ ಎಂದು ತಿಳಿಯದೆ ಕುರ್ಚಿಯ ಮೇಲೆ ಕಾಲು ಆಡಿಸುತ್ತಿರುವವನನ್ನು ನೋಡಿದಳು. ಒಳ್ಳೆಯದಕ್ಕೇ ಹೇಳದಿರುವುದು. ಎಲ್ಲರೂ ಯಾವಾಗಲೂ ಒಳ್ಳೆಯದಕ್ಕೇ ಹೇಳದೆ ಇರುತ್ತಾರೆ. ಸಾಲು ನಿಲ್ಲಿಸುವವರೂ ಹಾಗೆಯೇ.

ಅವಳು ಕುರ್ಚಿಯ ಮುಂದೆ ಮಂಡಿಯೂರಿದಳು. "ಪುಟ್ಟ, ಉರ್ಮತ್ ನಿನ್ನ ಅಪ್ಪ" ಎಂದಳು. "ನಾನು ನಿನ್ನ ಹೆತ್ತೋಳು. ಅದಕ್ಕೇ ಇಲ್ಲಿ ನಾನು ಸಹಿ ಹಾಕ್ಬೇಕು."

ಗಂಡ ಸತ್ತ ಮೇಲೆ ಅವನ ಹೆಸರನ್ನು ಅವಳು ಗಟ್ಟಿಯಾಗಿ ಆಡಿದ್ದು ಇದೇ ಮೊದಲು. ಹುಡುಗ ಅವಳನ್ನು ನೋಡಿದ. ಜಾಕೆಟ್ಟಿನ ಜಿಪ್ಪನ್ನು ಒಂದು ಸಲ ಕೆಳಗೆ, ಒಂದು ಸಲ ಮೇಲೆ ಎಳೆದ.

"ಗೊತ್ತು" ಎಂದ. "ಆಯ್ಪೆರಿ ಹೇಳಿದ್ಲು. ಎಲ್ರಿಗೂ ಗೊತ್ತು." ಆಮೇಲೆ ದನಿ ತಗ್ಗಿಸಿ, ಬಾಗಿಲ ಕಡೆ ನೋಡಿ, "ಅವ್ವಂಗೆ ಹೇಳ್ಬೇಡ. ನಂಗೊತ್ತು ಅಂತ ಗೊತ್ತಾದ್ರೆ ಅಳ್ತಾಳೆ" ಎಂದ.

ಸಾಲಿಮಾ ಕಿಟಕಿಯ ಕಡೆ ತಿರುಗಿಕೊಂಡಳು. ಸಿರ್ಗಾಳಿಗೆ ಒಳಗೆ ಎಲ್ಲೋ, ಹೆಪ್ಪುಗಟ್ಟಿದ ಹೊಳೆಯ ಅಡಿಯಲ್ಲಿ ನೀರು ಸರಿದಂತೆ, ಒಂದು ಚಲನೆಯಾಯಿತು. ಎಷ್ಟು ದಿನದಿಂದ ಇವನು ಇದನ್ನು ಹೊತ್ತುಕೊಂಡು ಕೆನೆ ಕೇಳುತ್ತಿದ್ದ, ಅತ್ತಿಗೆ ಎನ್ನುತ್ತಿದ್ದ? ಅವನೂ ಒಳ್ಳೆಯದಕ್ಕೇ ಹೇಳದೆ ಇದ್ದವನು. ಅವಳು ಎದ್ದು ಸಹಿ ಹಾಕಿದಳು. ಪೂರ್ತಿ ಹೆಸರು, ಕೋರ್ಟಿನ ಕಾಗದಗಳಿಗೆ ಹಾಕುವ ಹಾಗೆ, ಒಂದಕ್ಷರವೂ ಬಿಡದೆ. ಆಮೇಲೆ ಅವನ ಜಾಕೆಟ್ಟು ಕಳಚಿ, ಬಲಗೈಯ ತೋಳನ್ನು ಭುಜದವರೆಗೆ ಮೇಲೇರಿಸಿದಳು. ತೋಳು ತೆಳ್ಳಗೆ ಬೆಳ್ಳಗಿತ್ತು, ಬಿಸಿಲು ಕಾಣದ ಜಾಗದಲ್ಲಿ ನೀಲಿ ನರ. ಡಾಕ್ಟರು ಸಣ್ಣ ಸೀಸೆಯಿಂದ ಮದ್ದು ಎಳೆದು ಬೆಳಕಿಗೆ ಹಿಡಿದು ನೋಡಿದಳು. ಹುಡುಗನ ಕಾಲು ಆಡುವುದು ನಿಂತಿತು.

ಆಗ ಸಿರ್ಗಾಳಿಗೆ ಹೊಳೆಯಿತು. ಬಾತ್ಮಾಳಿಗೆ ಹೇಳಿದ್ದಾಯಿತು, ತನ್ನ ಒಪ್ಪಿಗೆ ಬರೆದದ್ದಾಯಿತು, ನ್ಯಾಯಾಧೀಶರು, ಶಿಶುವಿಹಾರ, ಸರ್ಕಾರ ಎಲ್ಲರ ಮಾತೂ ಒಂದು ವರ್ಷದಿಂದ ಆಯಿತು. ಈ ತೋಳಿನವನನ್ನು ಇನ್ನೂ ಯಾರೂ ಕೇಳಿರಲಿಲ್ಲ. ಕಾನೂನಿನಲ್ಲಿ ಅವನನ್ನು ಕೇಳಬೇಕೆಂದು ಎಲ್ಲೂ ಇಲ್ಲ.

"ಹಾಕಿಸ್ಕೊಳ್ತೀಯಾ?" ಎಂದು ಕೇಳಿದಳು.

"ಬೇಡ" ಎಂದ ಹುಡುಗ.

ಅಳುತ್ತ ಹೇಳಿದ್ದಲ್ಲ. ಹಟದಿಂದಲೂ ಅಲ್ಲ. ಯೋಚಿಸಿ, ಅವಳ ಕಣ್ಣನ್ನೇ ನೋಡಿ ಹೇಳಿದ. ಡಾಕ್ಟರು ಸೂಜಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಸಿರ್ಗಾಳನ್ನು ನೋಡಿದಳು, ಈಗೇನು ಮಾಡುತ್ತೀರಿ ವಕೀಲರೇ ಎನ್ನುವಂತೆ. ಸಿರ್ಗಾ ತನ್ನ ವೃತ್ತಿಯಲ್ಲಿ ಎಷ್ಟೋ ನಿರಾಕರಣೆಗಳನ್ನು ಬರೆದವಳು, ಓದಿದವಳು. ಇಷ್ಟು ಸ್ಪಷ್ಟವಾದದ್ದನ್ನು ಕಂಡಿರಲಿಲ್ಲ. ನೋವಾಗುವುದಿಲ್ಲ ಎಂದು ಸುಳ್ಳು ಹೇಳಲಿಲ್ಲ. ಮಿಠಾಯಿ ಕೊಡಿಸುತ್ತೇನೆ ಎನ್ನಲಿಲ್ಲ.

"ಕೇಳಿಸ್ತು ನಂಗೆ" ಎಂದಳು. "ಆದ್ರೂ ಹಾಕಿಸ್ತೀನಿ. ಸಿಟ್ಟು ನನ್ನ ಮೇಲೆ ಮಾಡ್ಕೋ. ಡಾಕ್ಟ್ರ ಮೇಲಲ್ಲ, ಅವ್ವನ ಮೇಲಲ್ಲ."

ಕುರ್ಚಿಯಿಂದ ಅವನನ್ನು ಎತ್ತಿ, ಅಲ್ಲಿ ತಾನು ಕೂತು, ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಅವನು ಕೊಸರಿಕೊಂಡ. ಒಂದು ಕೈಯಿಂದ ಎದೆ ಬಳಸಿ, ಇನ್ನೊಂದರಿಂದ ಮೊಣಕೈ ಹಿಡಿದಳು. ಅವನು ಅವ್ವಾ ಎಂದು ಕೂಗಿದ. ಆ ಕೂಗು ತನಗಲ್ಲ ಎಂದು ಅವಳಿಗೆ ಗೊತ್ತಿತ್ತು. ನಲವತ್ತನೆಯ ದಿನದ ಆಚೆಗೆ ಅವಳ ತೋಳುಗಳಿಗೆ ತಿಳಿಯದೇ ಹೋಗಿದ್ದ ಅವನ ತೂಕ ಈಗ ಪೂರ್ತಿಯಾಗಿ, ಮೂಳೆ, ಬಿಸಿ, ಬಲ, ಎಲ್ಲವೂ ಒಟ್ಟಿಗೆ ಅವಳ ಮೇಲೆ ಬಿತ್ತು. ಅವನ ಬೂಟಿನ ಹಿಮ್ಮಡಿ ಅವಳ ಮೊಳಕಾಲಿಗೆ ಬಡಿಯಿತು, ಮತ್ತೆ ಬಡಿಯಿತು.

"ಹಾಕಿ" ಎಂದಳು ಡಾಕ್ಟರಿಗೆ, ಹಿಡಿತ ಬಿಡದೆ.